ಕಪ್ಪಿಯ ಚೇಂಬರ್ ಪ್ಯಾಕಿಂಗ್

ಚಳ್ಳಕೆರೆಯ ನಮ್ಮ ಮನೆಯಲ್ಲಿ ಎರಡು ಬಗೆಯ ಎಣ್ಣೆ ಇತ್ತು. ಒಂದು ದೊಡ್ಡಪ್ಪನ ಮಿಲ್ಲಿನ ಶೇಂಗಾ ಎಣ್ಣೆ. ಅದು ನಮಗೆ ಊಟ, ಬಟ್ಟೆ, ಊರಲ್ಲಿ ಒಂದು ಹೆಸರು ಎಲ್ಲವನ್ನೂ ಕೊಟ್ಟಿತ್ತು. ಇನ್ನೊಂದು ಕಪ್ಪಿಯ ಹೊಟ್ಟೆಯಿಂದ ತೊಟ್ಟಿಕ್ಕುತ್ತಿದ್ದ ಕರೀ ಎಣ್ಣೆ. ಅದು ಆ ಹೆಸರನ್ನು ದಿನಾ ಒಂದಿಷ್ಟು ಕೆಡಿಸುತ್ತಿತ್ತು. ಕಪ್ಪಿ ಅಂದರೆ ಎಮ್ಮೆ ಅಂದುಕೊಳ್ಳಬೇಡಿ, ಕಾರು. ತಾತ ಯಾರೋ ಗಣಿ ಸಾಹುಕಾರರಿಂದ ಕೊಂಡು ತಂದಿದ್ದ ಇಂಗ್ಲೆಂಡಿನ ಹಳೇ ಕಾರು. ಮೈಯೆಲ್ಲ ಕಪ್ಪು, ಉಬ್ಬಿದ ಕೆನ್ನೆಯಂಥ ಮಡ್‌ಗಾರ್ಡು, ಒಳಗೆ ಕೂತರೆ ಹಳೇ ಚರ್ಮದ ವಾಸನೆ. ತಾತ ಹೋಗುವಾಗ ಮಿಲ್ಲನ್ನು ದೊಡ್ಡಪ್ಪನಿಗೆ ವಹಿಸಿ, ಕಪ್ಪಿಯ ಕೀಲಿಯನ್ನು ಅಪ್ಪನ ಕೈಗಿಟ್ಟರಂತೆ. ನನಗೆ ಇವತ್ತಿಗೂ ಅಪ್ಪನ ಪಾಲೇ ದೊಡ್ಡದು ಅನ್ನಿಸುತ್ತದೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಬೀದಿಬಾಗಿಲು ದಾಟಿದರೆ ಕಡಪ ಕಲ್ಲು ಹಾಸಿದ ಅಂಗಳ. ಅದರ ಎಡಕ್ಕೆ, ಮೊದಲು ಎತ್ತಿನ ಗಾಡಿ ನಿಲ್ಲಿಸುತ್ತಿದ್ದ ಚಪ್ಪರದಲ್ಲಿ, ಈಗ ಕಪ್ಪಿ. ಎದುರಿಗೆ ಪಡಸಾಲೆ, ಅದರ ಹಿಂದೆ ನಡುಮನೆ, ದೇವರ ಕೋಣೆ, ಹೊಗೆ ಹಿಡಿದ ಅಡುಗೆಮನೆ. ಪಡಸಾಲೆ ದೊಡ್ಡಪ್ಪನದು, ಅಡುಗೆಮನೆ ದೊಡ್ಡಮ್ಮನದು, ಚಪ್ಪರ ಅಪ್ಪನದು. ಅವ್ವನದು ಅಂತ ಹೇಳಿಕೊಳ್ಳಲು ಆ ಮನೆಯಲ್ಲಿ ಯಾವ ಮೂಲೆಯೂ ಇರಲಿಲ್ಲ. ಅವಳು ಕಿರೀ ಸೊಸೆ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ಹಾಗಿಲ್ಲ ಅನ್ನುವುದು ನಮ್ಮ ಕಡೆಯ ಪದ್ಧತಿ. ದೊಡ್ಡಪ್ಪ ಪಡಸಾಲೆಯಲ್ಲಿದ್ದರೆ ಅವ್ವ ನಡುಮನೆಯ ಬಾಗಿಲ ಹಿಂದೆ. ಇಬ್ಬರಿಗೂ ಏನಾದರೂ ಹೇಳುವುದಿದ್ದರೆ ನಡುವೆ ನಾನು ನಿಲ್ಲಬೇಕು.

"ಗಿರ್ಜಾ, ನಿಮ್ಮವ್ವನ್ನ ಕೇಳು, ಮಜ್ಜಿಗೆ ಐತಾ ಅಂತ."

"ಗಿರ್ಜಾ, ಹೇಳು ನಿಮ್ಮ ದೊಡ್ಡಪ್ಪಗೆ, ಐತೆ ಅಂತ."

ಅವರಿಬ್ಬರ ನಡುವೆ ಇದ್ದದ್ದು ಒಂದು ಬಾಗಿಲ ಹಲಗೆ ಅಷ್ಟೇ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ನಾನು ಅದನ್ನೇ ಮತ್ತೆ ಒಪ್ಪಿಸುವವರೆಗೆ ಮಜ್ಜಿಗೆ ಅಲ್ಲಾಡುತ್ತಿರಲಿಲ್ಲ. ಹಾಗಂತ ಅವ್ವ ಬಾಯಿಲ್ಲದವಳಲ್ಲ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯಲ್ಲಿ ಹುಟ್ಟಿ, ಲಾಳಿಯ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿ ಬೆಳೆದವಳು. ಅಂಥವಳನ್ನು ತಂದು ಬಾಗಿಲ ಹಿಂದೆ ನಿಲ್ಲಿಸಿದ್ದರು. ಅವಳ ಸಿಟ್ಟೆಲ್ಲ ನನ್ನ ಜಡೆ ಹೆಣೆಯುವಾಗ ಹೊರಗೆ ಬರುತ್ತಿತ್ತು, ನನ್ನ ನೆತ್ತಿಯೇ ಸಾಕ್ಷಿ.

ಕಪ್ಪಿಯ ರೋಗ ಏನು ಅಂತ ಹೇಳಿಬಿಡುತ್ತೇನೆ. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ಬೋಗುಣಿಯೊಂದು ಇರುತ್ತದೆ. ಮೆಕ್ಯಾನಿಕ್ಕುಗಳು ಅದಕ್ಕೆ ಚೇಂಬರ್ ಅನ್ನುತ್ತಾರೆ. ಆ ಬೋಗುಣಿಯ ಅಂಚಿಗೂ ಇಂಜಿನ್ನಿಗೂ ನಡುವೆ ಮೆತ್ತನೆಯ ಪಟ್ಟಿ ಕೂರಿಸಿ, ಸುತ್ತಲೂ ಬೋಲ್ಟ್ ಹಾಕುತ್ತಾರೆ. ಆ ಪಟ್ಟಿಯೇ ಪ್ಯಾಕಿಂಗ್. ಅದು ಸರಿಯಾಗಿ ಕೂತರೆ ಎಣ್ಣೆ ಒಳಗೆ, ಇಲ್ಲದಿದ್ದರೆ ನೆಲದ ಮೇಲೆ. ನಮ್ಮದು ನೆಲದ ಮೇಲೆ. ಎಣ್ಣೆ ಡಬ್ಬವೊಂದನ್ನು ಕತ್ತರಿಸಿ ಕಪ್ಪಿಯ ಕೆಳಗೆ ಇಟ್ಟಿರುತ್ತಿದ್ದೆವು, ಮುಸುರೆ ಚೆಲ್ಲುವ ಹಾಗೆ ಅದನ್ನು ಬೆಳಿಗ್ಗೆ ಎತ್ತಿ ಚೆಲ್ಲಬೇಕು. ಒಂದು ದಿನ ಡಬ್ಬ ತುಂಬಿ ಎಣ್ಣೆ ಅಂಗಳಕ್ಕೆ ಹರಿದದ್ದನ್ನು ಯಾರೂ ನೋಡಲಿಲ್ಲ. ಸ್ನಾನ ಮಾಡಿ ಪೂಜೆಗೆ ಅಂತ ಬಚ್ಚಲಿನಿಂದ ಬರುತ್ತಿದ್ದ ದೊಡ್ಡಪ್ಪ ಜಾರಿ ಕಡಪ ಕಲ್ಲಿನ ಮೇಲೆ ಧೊಪ್ಪನೆ ಕೂತರು. ಸುದ್ದಿ ಪೇಟೆಗೆ ಅವರಿಗಿಂತ ಮೊದಲೇ ಹೋಗಿತ್ತು.

"ಏನ್ ಸಾಹುಕಾರ್ರೆ, ಇಷ್ಟು ವರ್ಷ ಎಣ್ಣೆ ಮಿಲ್ಲಿನಾಗೆ ಬೀಳ್ದೋರು ಮನ್ಯಾಗೆ ಬಿದ್ರಂತೆ?"

ಆ ಮಾತು ಅವರಿಗೆ ಸೊಂಟಕ್ಕಿಂತ ಹೆಚ್ಚು ನೋವು ಮಾಡಿತು. ಆವತ್ತು ಸಂಜೆ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತು ಅಪ್ಪನನ್ನು ಕರೆದರು.

"ಲೇ ಶಿವು, ಯುಗಾದಿ ಒಳಗೆ ಇದು ಸೋರೋದು ನಿಲ್ಬೇಕು. ಇಲ್ಲಾಂದ್ರೆ ಹಬ್ಬ ಮುಗಿದ ಮ್ಯಾಲೆ ಗುಜರಿಯವನು ಬರ್ತಾನೆ. ಆ ಚಪ್ಪರದಾಗೆ ಶೇಂಗಾ ಚೀಲ ಹಾಕ್ತೀನಿ."

"ಅಣ್ಣಾ, ಅದು ಅಪ್ಪನ ಗಾಡಿ."

"ಅಪ್ಪನ ಗಾಡಿ ಅಂತಾನೇ ಇಷ್ಟು ದಿನ ಸುಮ್ನಿದ್ದೆ. ಸೊಂಟ ನಂದು, ಅಪ್ಪಂದಲ್ಲ."

ಅಪ್ಪ ಆ ರಾತ್ರಿ ಊಟಕ್ಕೆ ಬರಲಿಲ್ಲ. ಅವನಿಗೆ ಮಿಲ್ಲಿನಲ್ಲಿ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಅಣ್ಣ ಹೇಳಿದ ಕಡೆ ಹೋಗುವುದು, ಅಣ್ಣ ಹೇಳಿದ್ದು ತರುವುದು. ಕಪ್ಪಿಯ ಸ್ಟೀರಿಂಗ್ ಹಿಡಿದಾಗ ಮಾತ್ರ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಅದನ್ನು ಗುಜರಿಗೆ ಹಾಕುವುದೆಂದರೆ ಅಪ್ಪನನ್ನೇ ತೂಕಕ್ಕೆ ಹಾಕಿದ ಹಾಗೆ. ಇದು ಮಗುವಾಗಿದ್ದ ನನಗೂ ಗೊತ್ತಾಗುತ್ತಿತ್ತು, ನನಗೆ ದೊಡ್ಡಪ್ಪನ ಮೇಲೆ ಕೆಂಡದಂಥ ಕೋಪ ಬಂದಿತ್ತು.

ಸರಿ, ಪ್ಯಾಕಿಂಗ್ ಬೇಟೆ ಶುರುವಾಯಿತು. ಬಳ್ಳಾರಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಮಸ್ತಾನ್ ಸಾಬರು ಕಪ್ಪಿಯ ಖಾಯಂ ವೈದ್ಯರು. ಬಂದವರೇ ಕೆಳಗೆ ತೂರಿ, ಮುಖದ ಮೇಲೆ ಎರಡು ಹನಿ ಬೀಳಿಸಿಕೊಂಡು ಎದ್ದು ಬಂದರು.

"ಅರೇ ಶಿವಣ್ಣಾ, ಗಾಡಿ ಇನ್ನೂ ಶೇರ್ ಐತೆ, ಶೇರ್! ಇದಕ್ಕೆ ತಕ್ಕ ಪ್ಯಾಕಿಂಗ್ ಸಿಗಲ್ಲ, ಅದೇ ತಕ್ಲೀಫು."

ಅಪ್ಪ ಬೆಂಗಳೂರಿಗೆ ಹೋಗಿ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ ಒಂದು ಕಾರ್ಕ್ ಪ್ಯಾಕಿಂಗ್ ತಂದ. ಎಷ್ಟು ಕಾಲ ಅಟ್ಟದ ಮೇಲೆ ಬಿದ್ದಿತ್ತೋ, ಒಣಗಿ ಕುಗ್ಗಿತ್ತು. ಮಸ್ತಾನ್ ಸಾಬರು ಕೈಗೆ ತೆಗೆದುಕೊಂಡರೆ ಹಪ್ಪಳದ ಹಾಗೆ ಪಟಪಟನೆ ಮುರಿಯಿತು. ಇನ್ನೊಮ್ಮೆ ಹೋಗಿ "ಇದೇ ಗಾಡಿದು, ಕಣ್ಮುಚ್ಚಿ ಹಾಕಿ" ಅಂದವರ ಮಾತು ಕೇಳಿ ಮತ್ತೊಂದು ತಂದ. ಅದರ ತೂತುಗಳು ಒಂದು ಕಡೆ, ಬೋಲ್ಟುಗಳು ಇನ್ನೊಂದು ಕಡೆ. ಕತ್ತರಿ ಹಿಡಿದು ತೂತು ದೊಡ್ಡದು ಮಾಡಿ ಹೇಗೋ ಕೂರಿಸಿದರು. ಮೊದಲಿಗಿಂತ ಚೆನ್ನಾಗಿ ಸೋರಿತು.

ಆಮೇಲೆ ಅಪ್ಪನಿಗೆ ಒಂದು ಭಾರೀ ಉಪಾಯ ಹೊಳೆಯಿತು. ನಮ್ಮ ಕಡೆ ಕಂಬಳಿ ನೇಯುವವರು ಉಣ್ಣೆಯ ಎಳೆ ಗಟ್ಟಿಯಾಗಲೆಂದು ಹುಣಸೆ ಬೀಜದ ಅಂಟು ಕಾಯಿಸಿ ಬಳಿಯುತ್ತಾರೆ. ಕಂಬಳಿಯೊಳಗಿಂದ ನೀರೇ ಇಳಿಯುವುದಿಲ್ಲ, ಎಣ್ಣೆ ಇಳಿಯುತ್ತದೆಯೇ ಅಂತ ಅಪ್ಪನ ಲೆಕ್ಕ. ಒಂದು ಗಡಿಗೆ ಅಂಟು ತಂದು ಪ್ಯಾಕಿಂಗಿನ ಎರಡೂ ಕಡೆ ದಪ್ಪಗೆ ಬಳಿದು ಕೂರಿಸಿದ. ನಂಬಿದರೆ ನಂಬಿ, ಸೋರುವುದು ನಿಂತೇ ಹೋಯಿತು! ಅಪ್ಪ ಪೇಟೆಯಲ್ಲಿ ಎದೆ ಉಬ್ಬಿಸಿಕೊಂಡು ತಿರುಗಿದ. ಆದರೆ ಎಣ್ಣೆ ಮಿಲ್ಲಿನವರ ಮನೆ ಅಂದ ಮೇಲೆ ಇಲಿಗಳು ಇರಬೇಕಲ್ಲ. ಶೇಂಗಾ ತಿಂದು ಬೇಜಾರಾಗಿದ್ದವೋ ಏನೋ, ಹುಣಸೆ ಅಂಟಿನ ರುಚಿ ಹಿಡಿದು ಪ್ಯಾಕಿಂಗಿನ ಅಂಚನ್ನೆಲ್ಲ ಸುತ್ತಲೂ ಮೆಂದು ಹಾಕಿದವು. ಬೆಳಿಗ್ಗೆ ಡಬ್ಬ ಮತ್ತೆ ತುಂಬಿತ್ತು. ಬಿದ್ದ ದಿನದಿಂದ ಮುಖ ಗಂಟಿಕ್ಕಿಕೊಂಡಿದ್ದ ದೊಡ್ಡಪ್ಪ ಆವತ್ತು ಮೊದಲ ಸಲ ನಕ್ಕರು, ಅಳ್ಳೆ ಹಿಡಿದುಕೊಂಡು ನಕ್ಕರು.

ಇಷ್ಟರ ನಡುವೆ ಪ್ರತಿ ಸಲವೂ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಹೊಸ ಪ್ಯಾಕಿಂಗ್ ಕೂರಿಸಿದ ಮೇಲೆ ಎಣ್ಣೆ ಜಿನುಗಿದ ಕೂಡಲೇ ಅಪ್ಪ ಮಿಲ್ಲಿನಿಂದ ಬೋಲ್ಟ್ ತಿರುಗಿಸುವ ಉದ್ದನೆಯ ಪಾನಾ ತರಿಸುತ್ತಿದ್ದ. ಮಿಲ್ಲಿನಲ್ಲಿ ಎಣ್ಣೆ ಸೋಸುವ ಫಿಲ್ಟರ್ ಪ್ರೆಸ್ಸು ಅಂತ ಒಂದು ಯಂತ್ರ. ಅದರ ಸಂದಿಯಲ್ಲಿ ಎಣ್ಣೆ ಕಂಡರೆ ಇಬ್ಬರು ಆಳುಗಳು ಚಕ್ರಕ್ಕೆ ಜೋತುಬಿದ್ದು ಬಿಗಿಯುತ್ತಿದ್ದರು. ಹಾಗಾಗಿ ನಮ್ಮ ಮನೆಯ ಗಂಡಸರಿಗೆ ಸೋರುವ ರೋಗಕ್ಕೆ ಒಂದೇ ಔಷಧ ಗೊತ್ತಿತ್ತು, ಬಿಗಿ ಮಾಡುವುದು. ಅಪ್ಪ ಒಂದು ಕೈ, ಮಸ್ತಾನ್ ಸಾಬರು ಒಂದು ಕೈ. ದೊಡ್ಡಪ್ಪ ಪಡಸಾಲೆಯಿಂದಲೇ "ಇನ್ನೊಂದು ಸುತ್ತು ಬಿಗಿ ಮಾಡ್ರೋ" ಅಂತ ಕೂಗುತ್ತಿದ್ದರು. ಆ ಒಂದು ವಿಷಯದಲ್ಲಿ ಮಾತ್ರ ಅಣ್ಣ ತಮ್ಮ ಒಂದೇ.

ಇಲಿ ಪ್ರಸಂಗ ಆದ ಮೇಲೆ ಅವ್ವ ಅಪ್ಪನಿಗೆ ರೊಟ್ಟಿ ಬಡಿಸುತ್ತಾ ಅಂದಳು:

"ಬೆಂಗ್ಳೂರು ಸುತ್ತಿದ್ದು ಸಾಕು ಬಿಡ್ರಿ. ದಿನಾ ಬೆಳಗಾದ್ರೆ ರಟ್ಟಿಗೆ ತೂತು ಹೊಡ್ಯೋನು ನನ್ನ ತಮ್ಮ ಅಲ್ಲಿ ಕುಂತಾನೆ. ಅವನು ನಿಮ್ಮ ಕಣ್ಣಿಗೆ ಕಾಣಲ್ವಾ?"

ಸೋದರಮಾವ ಸಿದ್ಧಣ್ಣ ಮೊಳಕಾಲ್ಮೂರಿನಲ್ಲಿ ಜಕಾರ್ಡ್ ರಟ್ಟು ಹೊಡೆಯುತ್ತಿದ್ದ. ಸೀರೆಯ ಅಂಚಿನಲ್ಲಿ ನವಿಲು, ಹಂಸ, ಬಳ್ಳಿ ಬರಬೇಕಾದರೆ ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಸರ ಓಡಬೇಕು. ಎಲ್ಲಿ ತೂತಿದೆಯೋ ಅದನ್ನು ನೋಡಿ ಎಳೆ ಏಳುತ್ತದೆ. ನಾವು ಮೂವರೂ ಬಸ್ಸು ಹತ್ತಿದೆವು, ಕಪ್ಪಿಯ ಚೇಂಬರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು. ಕಂಡಕ್ಟರು ಬಗ್ಗಿ ನೋಡಿದ.

"ಏನಮ್ಮಾ ಇದು, ಬಾಣಲೀನಾ?"

"ಹೂಂ ಕಣಪ್ಪ, ನಮ್ಮ ಮನೆ ಬಾಣಲಿ. ಟಿಕೀಟ್ ಕೊಡು."

ಮಾವನ ಮನೆಗೆ ಕಾಲಿಟ್ಟ ಕೂಡಲೇ ಅವ್ವ ಬೇರೆ ಹೆಂಗಸೇ ಆಗಿಬಿಡುತ್ತಿದ್ದಳು. ಸೆರಗು ಸೊಂಟಕ್ಕೆ, ದನಿ ಬೀದಿಗೆ. ಪಕ್ಕದ ಮನೆಯವರ ಜೊತೆ ತೆಲುಗು, ತಮ್ಮನ ಜೊತೆ ಅರ್ಧ ಕನ್ನಡ ಅರ್ಧ ತೆಲುಗು. ಮನೆ ಅಂದರೆ ಮಗ್ಗ, ಮಗ್ಗದ ಸುತ್ತ ಉಳಿದ ಜಾಗದಲ್ಲಿ ಸಂಸಾರ. ಮಾವ ಚೇಂಬರನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏಂಟಕ್ಕಾ ಇದಿ? ಇಷ್ಟು ದೊಡ್ಡ ಅಂಚಿನ ಸೀರೆ ಯಾರು ಉಡ್ತಾರಕ್ಕಾ?"

"ನಮ್ಮ ಕಪ್ಪಿ ಉಡ್ತಾಳೆ. ಒಂದು ತೂತು ಆಚೀಚೆ ಆಗ್ಬಾರ್ದು ನೋಡು."

"ಆಚೀಚೆ ಆದ್ರೆ ನಾನು ಊಟ ಮಾಡೋ ಹಂಗೇ ಇಲ್ಲಕ್ಕಾ. ನವಿಲಿನ ಕೊಕ್ಕು ಹೋಗಿ ಬಾಲಕ್ಕೆ ಕುಂತ್ಕಂಡ್ರೆ ಸಾಹುಕಾರ ಸುಮ್ನೆ ಬಿಡ್ತಾನಾ?"

ಮಾವ ಜಂಭದ ಮನುಷ್ಯ, ಜಂಭ ಪಡುವಂಥ ಕೈಯೂ ಇತ್ತು. ದಪ್ಪ ರಟ್ಟನ್ನು ಚೇಂಬರಿನ ಅಂಚಿನ ಮೇಲಿಟ್ಟು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ಗುರುತು ಮಾಡಿಕೊಂಡ. ಆಮೇಲೆ ಉಳಿ, ಸುತ್ತಿಗೆ. ಟಕ್, ಟಕ್, ಟಕ್. ಅತ್ತೆ ರೊಟ್ಟಿಗೆ ಕರೆದರೂ ಏಳಲಿಲ್ಲ. ಮುಗಿದ ಮೇಲೆ ರಟ್ಟನ್ನು ಚೇಂಬರಿನ ಮೇಲಿಟ್ಟರೆ ಬೋಲ್ಟುಗಳು ಒಂದಾದ ಮೇಲೊಂದು ತಡೆಯಿಲ್ಲದೆ ಇಳಿದವು. ಅಪ್ಪ ಭಾವಮೈದುನನನ್ನು ತಬ್ಬಿಕೊಂಡುಬಿಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಚೇಂಬರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಗೋಣಿಚೀಲಕ್ಕೂ ಕೊಡಲಿಲ್ಲ.

ಮರುದಿನ ಕೂರಿಸಿದರು. ಎಣ್ಣೆ ತುಂಬಿದರು. ಇಂಜಿನ್ ಓಡಿಸಿದರು. ಮೊದಲು ಒಂದು ಹನಿ ಮೂಡಿತು, ಅಪ್ಪ ಪಾನಾ ತಂದ, ಇಬ್ಬರೂ ಸೇರಿ ಬಿಗಿದರು. ಆಮೇಲೆ ಹನಿಯ ಹಿಂದೆ ಹನಿ. ಮಿಲ್ಲಿಗೆ ಹೊರಟಿದ್ದ ದೊಡ್ಡಪ್ಪ ಚಪ್ಪಲಿ ಮೆಟ್ಟುತ್ತಾ ನಿಂತು ನೋಡಿದರು.

"ಸೀರೆ ನೇಯೋರ ಕೈಲಿ ಇಂಜಿನ್ ಕೆಲಸ ಮಾಡ್ಸಿದ್ರೆ ಇನ್ನೇನಾಗ್ತೈತೆ!"

ನಾನು ಬಾಗಿಲ ಕಡೆ ನೋಡಿದೆ. ಬಾಗಿಲ ಹಲಗೆ ಹಿಡಿದಿದ್ದ ಅವ್ವನ ಬೆರಳುಗಳು ಮಾತ್ರ ಕಾಣುತ್ತಿದ್ದವು. ಅವಳ ದನಿ ಬಂತು, ಮಗ್ಗದ ಮನೆಯ ದನಿ, ಬೀದಿಗೆ ಕೇಳುವ ಹಾಗೆ.

"ಗಿರ್ಜಾ, ಹೇಳು ನಿಮ್ಮ ದೊಡ್ಡಪ್ಪಗೆ. ನನ್ನ ತಮ್ಮನ ರಟ್ಟಿನಾಗೆ ತಪ್ಪಿಲ್ಲ. ತಪ್ಪು ಈ ಮನೆಯಾಗೈತೆ. ಯುಗಾದಿ ದಿನ ಕಪ್ಪಿ ಮೊಳಕಾಲ್ಮೂರಿಗೆ ಹೋಗಿ ಬರ್ತೈತೆ. ಬಂದ ಮ್ಯಾಲೆ ಅದರ ಹೊಟ್ಟೆ ಕೆಳಗೆ ಅವರದೇ ಬಿಳೀ ಪಂಚೆ ಹಾಸ್ತೀನಿ. ಬೆಳಿಗ್ಗೆ ಅದರ ಮ್ಯಾಲೆ ಒಂದು ಹನಿ ಕಪ್ಪಿ ಎಣ್ಣೆ ಬಿದ್ದಿದ್ರೂ ಗಾಡಿ ಗುಜರಿಗೆ ಕೊಡ್ಲಿ. ನಾನೂ ಈ ಮನೆಯಾಗೆ ಇನ್ನೊಂದು ಮಾತಾಡಲ್ಲ."

ಅಷ್ಟನ್ನೂ ನಾನು ದೊಡ್ಡಪ್ಪನ ಮುಖ ನೋಡಿಕೊಂಡು ಮತ್ತೊಮ್ಮೆ ಹೇಳಬೇಕಿತ್ತು, ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅದು ನನ್ನದೇ ಮಾತು ಅನ್ನಿಸತೊಡಗಿತು, ಕೊನೆಗೆ ನನ್ನ ದನಿಯೂ ಏರಿತು.

"ಆಗ್ಲಿ ಅಂತ ಹೇಳು ನಿಮ್ಮವ್ವಗೆ," ಅಂದು ದೊಡ್ಡಪ್ಪ ಹೊರಟರು.

ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. "ಏನೇ ಇವಳೇ, ನನ್ನ ಗಾಡಿ ಪಣಕ್ಕಿಟ್ಟುಬಿಟ್ಯಲ್ಲೇ!"

"ನನ್ನ ಬಾಯೂ ಇಟ್ಟೀನಿ. ಎದ್ದೇಳ್ರಿ, ಆ ಚೇಂಬರ್ ಬಿಚ್ಚಿ ನನ್ನ ಕೈಗೆ ಕೊಡ್ರಿ."

ಬಿಚ್ಚಿಕೊಟ್ಟರು. ಅವ್ವ ಅದನ್ನು ಬಚ್ಚಲಿಗೆ ಒಯ್ದು, ಬೂದಿ ಮತ್ತು ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ಪಾತ್ರೆ ತಿಕ್ಕುವ ಹಾಗೆ ಗಸಗಸ ತಿಕ್ಕಿದಳು. ಎಷ್ಟೋ ವರ್ಷದ ಕರಿ ಹೋಗಿ ತಗಡು ಹೊಳೆಯಿತು. ಒಣಗಲಿ ಅಂತ ಅಂಗಳದ ಕಡಪ ಕಲ್ಲಿನ ಮೇಲೆ ಬೋರಲು ಹಾಕಿದಳು. ಟಕ್ ಅಂತು. ಈ ಕಡೆ ಒತ್ತಿದಳು, ಆ ಕಡೆ ಎದ್ದು ಟಕ್ ಅಂತು. ಬಾಯಿ ಸೊಟ್ಟಗಾದ ಪಾತ್ರೆಯನ್ನು ಬೋರಲು ಹಾಕಿದರೆ ಹೇಗೆ ಅಲ್ಲಾಡುತ್ತದೆ ಅನ್ನುವುದು ಯಾವ ಹೆಂಗಸಿಗೆ ಗೊತ್ತಿಲ್ಲ! ಅವ್ವ ಕುಕ್ಕುರುಗಾಲಲ್ಲಿ ಕೂತು ಸುಮಾರು ಹೊತ್ತು ಅದನ್ನೇ ನೋಡಿದಳು. ಆಮೇಲೆ ನನ್ನ ಕೈಲಿ ರಂಗೋಲಿ ಡಬ್ಬಿ ತರಿಸಿ, ಪುಡಿಯನ್ನು ಕಲ್ಲಿನ ಮೇಲೆ ತೆಳ್ಳಗೆ ಉದುರಿಸಿ ಅಂಗೈಯಲ್ಲಿ ಸಮ ಮಾಡಿದಳು. ಚೇಂಬರಿನ ಅಂಚಿಗೆ ಎಣ್ಣೆ ಸವರಿ, 'ಶಿವಾ' ಅಂತ ಆ ಪುಡಿಯ ಮೇಲೆ ಬೋರಲಿಟ್ಟು, ಎತ್ತಿದಳು.

ಪ್ರತಿ ತೂತಿನ ಸುತ್ತ ಒಂದು ಬಿಳೀ ಉಂಗುರ. ತೂತಿಗೂ ತೂತಿಗೂ ನಡುವೆ ಏನೂ ಇಲ್ಲ, ಬರೀ ತಗಡು. ಅಂದರೆ ಅಂಚು ಕಲ್ಲಿಗೆ ತಾಗಿದ್ದು ತೂತುಗಳ ಹತ್ತಿರ ಮಾತ್ರ. ಉಳಿದ ಕಡೆ ಎಲ್ಲೂ ತಾಗಿಯೇ ಇರಲಿಲ್ಲ. ಬಿಗಿದು ಬಿಗಿದು ಬೋಲ್ಟಿನ ಸುತ್ತಲಿನ ತಗಡು ಉಬ್ಬಿ ಮೇಲೆದ್ದಿತ್ತು, ನಡುವಿನ ಜಾಗವೆಲ್ಲ ತಗ್ಗಾಗಿತ್ತು. ಆ ತಗ್ಗಿನಲ್ಲಿ ಯಾವ ದೇವಲೋಕದ ಪ್ಯಾಕಿಂಗ್ ಇಟ್ಟರೂ ಎಣ್ಣೆ ಹೊರಗೆ ಬರಲೇಬೇಕು. ಅವ್ವ ಅಪ್ಪನನ್ನೂ ಮಸ್ತಾನ್ ಸಾಬರನ್ನೂ ಕರೆದು ತೋರಿಸಿದಳು. ಸಾಬರು ಬಿಳೀ ಉಂಗುರದ ಮೇಲೆ ಬೆರಳಾಡಿಸಿ ಕಿವಿ ಹಿಡಿದುಕೊಂಡರು.

"ಯಾ ಅಲ್ಲಾ! ಶಿವಣ್ಣಾ, ಇದು ನಮ್ಮಿಬ್ಬರ ಕೈದೇ ಕೆಲಸ."

"ಮಗ್ಗದ ಮ್ಯಾಲೆ ಹಾಸು ಹಾಕೋವಾಗ ಯಾರಾದ್ರೂ ಹಿಂಗೆ ಎಳೀತಾರೇನ್ರೀ?" ಅವ್ವ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. "ಒಂದು ಎಳೆ ಬಿಗಿ, ಒಂದು ಎಳೆ ಸಡ್ಲ ಆದ್ರೆ ಸೀರೆ ಸುಕ್ಕು ಬರ್ತೈತೆ. ಬಿಗಿ ಆಗೋದಲ್ಲ ಮುಖ್ಯ, ಎಲ್ಲಾ ಒಂದೇ ಸಮ ಇರ್ಬೇಕು. ನಿಮ್ಮ ವಂಶಕ್ಕೆ ಪಾನಾ ಒಂದು ಸಿಕ್ಕಿಬಿಟ್ರೆ ಸಾಕು, ಲೋಕಾನೇ ಬಿಗಿ ಮಾಡಿಬಿಡ್ತೀರಿ."

ಅಪ್ಪ ಬೈಗುಳ ತಿನ್ನುತ್ತಲೇ ನಗುತ್ತಿದ್ದ. ಅಷ್ಟು ದಿನ ಕಾಣದೆ ಕಾಡಿದ ರೋಗ ಕಣ್ಣಿಗೆ ಕಂಡಿತ್ತಲ್ಲ! ಮಸ್ತಾನ್ ಸಾಬರು ಚೇಂಬರನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಒಂದೊಂದೇ ಉಬ್ಬನ್ನು ಸಣ್ಣ ಏಟುಗಳಿಂದ ಇಳಿಸಿದರು. ತಂದು ರಂಗೋಲಿ ಪುಡಿಯ ಮೇಲೆ ಇಡುವುದು, ಎತ್ತಿ ನೋಡುವುದು, ಮತ್ತೆ ಒಯ್ಯುವುದು. ಕೊನೆಗೊಮ್ಮೆ ಎತ್ತಿದಾಗ ಅಂಚಿನ ಸುತ್ತ ಎಲ್ಲೂ ಕಡಿಯದ ಒಂದು ಬಿಳೀ ಗೆರೆ ಬಂತು. ನಾನು ಚಪ್ಪಾಳೆ ತಟ್ಟಿ ಕುಣಿದೆ. ಅಪ್ಪ ದಾವಣಗೆರೆಯಿಂದ ಹೊಸ ಕಾರ್ಕ್ ಹಾಳೆ ತಂದ. ತನ್ನ ಕೆಲಸಕ್ಕೆ ಬಂದ ಅಪವಾದ ಕೇಳಿ ಉರಿಯುತ್ತಿದ್ದ ಸಿದ್ಧಣ್ಣ ಮಾವ ಉಳಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿಳಿದ. ಹಳೇ ರಟ್ಟನ್ನೇ ಅಳತೆಗಿಟ್ಟು, ನಮ್ಮ ಪಡಸಾಲೆಯಲ್ಲೇ, ದೊಡ್ಡಪ್ಪನ ದಿಂಬಿನ ಪಕ್ಕದಲ್ಲೇ ಕೂತು ಕಾರ್ಕಿನಲ್ಲಿ ಪ್ಯಾಕಿಂಗ್ ಕತ್ತರಿಸಿದ. ಬೇಕೆಂದೇ ಅಲ್ಲಿ ಕೂತ ಅಂತ ನನ್ನ ಗುಮಾನಿ.

ಕೂರಿಸುವ ದಿನ ಅವ್ವ ಕಚ್ಚೆ ಹಾಕಿ ಚಪ್ಪರದ ಗುಂಡಿಗೆ ಇಳಿದಳು. ಕಪ್ಪಿಯ ಕೆಳಗೆ ಕೆಲಸ ಮಾಡಲು ಅಪ್ಪ ತೋಡಿಸಿದ್ದ ಗುಂಡಿ ಅದು, ಅದರೊಳಗೆ ನಮ್ಮ ಮನೆಯ ಹೆಂಗಸರು ಯಾರೂ ಇಳಿದಿರಲಿಲ್ಲ. ಉದ್ದನೆಯ ಪಾನಾ ವಾಪಸು ಮಿಲ್ಲಿಗೆ ಕಳಿಸಿ, ಸಣ್ಣದೊಂದನ್ನು ಮಾತ್ರ ಇಟ್ಟುಕೊಂಡಳು. ನನ್ನನ್ನೂ ಕರೆದುಕೊಂಡಳು.

"ನಿನ್ನ ಬೆರಳು ಸಣ್ಣವು. ಇಲ್ಲಿ ಸಂದಿಯಾಗೆ ಇಟ್ಕೋ. ಪ್ಯಾಕಿಂಗು ಒಂಚೂರು ಹೊರಗೆ ಬಂದಂಗೆ ಅನ್ನಿಸಿದ ಕೂಡ್ಲೇ ಸಾಕು ಅನ್ನು."

ಅಪ್ಪ ತಿರುಗಿಸುವುದು, ನಾನು "ಸಾಕು" ಅನ್ನುವುದು. ಈ ಮೂಲೆಯಲ್ಲಿ ಒಂದು, ಎದುರಿನ ಮೂಲೆಯಲ್ಲಿ ಒಂದು, ಹೀಗೆ ಎಲ್ಲ ಬೋಲ್ಟಿಗೂ ಮೊದಲು ಸ್ವಲ್ಪ, ಆಮೇಲೆ ಇನ್ನು ಸ್ವಲ್ಪ. ದೊಡ್ಡವರು ನಾನು ಹೇಳಿದ್ದಕ್ಕೆ ಕೈ ನಿಲ್ಲಿಸಿದ್ದು ಅದೇ ಮೊದಲು. ಇವತ್ತು ನಾನು ಮಿಲ್ಲುಗಳಿಗೆ ಪ್ಯಾಕಿಂಗ್ ಕತ್ತರಿಸಿಕೊಡುವ ಕೆಲಸ ಮಾಡುತ್ತೇನೆ. ಈ ಕಸುಬು ಹೆಣ್ಣುಮಗಳಿಗೆ ಎಲ್ಲಿಂದ ಬಂತು ಅಂತ ಕೇಳುವವರಿಗೆ ಆ ಗುಂಡಿಯಿಂದ ಅಂತ ಹೇಳುತ್ತೇನೆ.

ಯುಗಾದಿ ಬಂತು. ಬೇವು ಬೆಲ್ಲ ತಿಂದು, ಹೋಳಿಗೆ ಕಟ್ಟಿಕೊಂಡು ಹೊರಟೆವು. ಕಪ್ಪಿ ಇನ್ನೇನು ಬೀದಿಗಿಳಿಯಬೇಕು, ದೊಡ್ಡಪ್ಪ ಹೊಸ ಶಲ್ಯ ಹೊದ್ದು ಬಂದು ಮುಂದಿನ ಬಾಗಿಲು ತೆರೆದರು.

"ನಾನೂ ಬರ್ತೀನಿ. ದಾರಿಯಾಗೆ ನೀವು ಏನೇನು ಕಿತಾಪತಿ ಮಾಡ್ತೀರೋ ಯಾರಿಗೆ ಗೊತ್ತು."

ಮುಂದೆ ಅಣ್ಣ ತಮ್ಮ, ಹಿಂದೆ ತಲೆ ತುಂಬ ಸೆರಗು ಹೊದ್ದ ಅವ್ವ ಮತ್ತು ನಾನು. ತಳಕು ದಾಟಿತು, ಬಿ.ಜಿ. ಕೆರೆ ದಾಟಿತು. ಬಿಸಿಲು ಕಾದು ರಸ್ತೆ ಹೊಳೆಯುತ್ತಿತ್ತು. ಹಾನಗಲ್ಲಿನ ಹತ್ತಿರ ಬಂಡೆಗುಡ್ಡಗಳು ಶುರುವಾದಾಗ ದೊಡ್ಡಪ್ಪ ನಿಲ್ಲಿಸು ಅಂದರು. ಇಳಿದು, ಶಲ್ಯ ಎತ್ತಿಕೊಂಡು, ಬಗ್ಗಿ ಕೆಳಗೆ ನೋಡಿದರು. ಬಂದು ಕೂತರು. ಮುಂದೆ ಇನ್ನೊಮ್ಮೆ ನಿಲ್ಲಿಸಿದರು, ಮತ್ತೆ ಬಗ್ಗಿದರು. ಅವ್ವ ನನ್ನ ಕೈಯನ್ನು ಎಷ್ಟು ಬಲವಾಗಿ ಹಿಡಿದಿದ್ದಳೆಂದರೆ ಬಳೆ ನನ್ನ ಮಣಿಕಟ್ಟಿಗೆ ಅಚ್ಚು ಮೂಡಿಸಿತ್ತು. ಮಾವನ ಮನೆಯಲ್ಲಿ ದೊಡ್ಡಪ್ಪನಿಗೆ ಹೊಸ ಚಾಪೆ ಹಾಕಿ ಹೋಳಿಗೆಯ ಮೇಲೆ ತುಪ್ಪ ಸುರಿದರು. ಊಟ ಮಾಡಿ ಅವರು ಮಗ್ಗದ ಮುಂದೆ ನಿಂತು ರಟ್ಟಿನ ಸರ ಓಡುವುದನ್ನು ನೋಡಿದರು. ಮಾವ ಒಂದು ಎಳೆ ಎತ್ತಿ ತೋರಿಸಿದ, ಅವರು ಹೂಂ ಅಂದರು, ಅಷ್ಟೇ.

ಹೊತ್ತು ಮುಳುಗುವ ಮೊದಲು ಮನೆ ಮುಟ್ಟಿದೆವು. ದೊಡ್ಡಮ್ಮ ಗಂಡನ ಪಂಚೆಗಳಲ್ಲಿ ಒಂದನ್ನು ತಂದು ಚಪ್ಪರದಲ್ಲಿ, ಗುಂಡಿಯಿಂದಾಚೆ ಕಲ್ಲಿನ ಮೇಲೆ ಹರಡಿದಳು. ಅಪ್ಪ ಕಪ್ಪಿಯನ್ನು ಅದರ ಮೇಲೆ ಮೆಲ್ಲಗೆ ತಂದು ನಿಲ್ಲಿಸಿದ. ಬೀದಿಬಾಗಿಲಿಗೆ ದೊಡ್ಡಪ್ಪ ಒಳಗಿನಿಂದ ತಾವೇ ಬೀಗ ಹಾಕಿದರು.

ಬೆಳಿಗ್ಗೆ ಎದ್ದಾಗ ಎಲ್ಲರೂ ಅಂಗಳದಲ್ಲಿದ್ದರು. ಮಸ್ತಾನ್ ಸಾಬರೂ ಬಂದಿದ್ದರು. ಅವ್ವ ಬಾಗಿಲ ಹಿಂದೆ. ಅಪ್ಪ ಮತ್ತು ಸಾಬರು ಸೇರಿ ಕಪ್ಪಿಯನ್ನು ಕೈಯಿಂದಲೇ ಹಿಂದಕ್ಕೆ ತಳ್ಳಿದರು. ಬಿಳೀ ಪಂಚೆ ಬೆಳಕಿಗೆ ಬರುತ್ತಾ ಬಂತು. ಬೆಳ್ಳಗಿತ್ತು. ಇನ್ನೂ ಬೆಳ್ಳಗಿತ್ತು. ಆಮೇಲೆ, ಸರಿಯಾಗಿ ಇಂಜಿನ್ನು ನಿಂತಿದ್ದ ಜಾಗದಲ್ಲಿ, ರೂಪಾಯಿಯಷ್ಟು ಅಗಲದ ಒಂದು ಕಲೆ.

ಅಪ್ಪ ಹಾಗೇ ನೆಲಕ್ಕೆ ಕುಸಿದು ಕೂತ. ದೊಡ್ಡಪ್ಪ ಮುಂದೆ ಬಂದು ಕಷ್ಟಪಟ್ಟು ಕುಕ್ಕರಿಸಿದರು. ಕಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ನಾಲಿಗೆಯ ತುದಿಗೂ ತಾಗಿಸಿದರು, ಪೇಟೆಯಲ್ಲಿ ಎಣ್ಣೆ ಪರೀಕ್ಷೆ ಮಾಡುವುದು ಹೀಗೆಯೇ. ಆ ಗಳಿಗೆಯಲ್ಲಿ ಅವರು ಏನು ಹೇಳಿದ್ದರೂ ನಾವು ನಂಬಬೇಕಿತ್ತು, ಎಣ್ಣೆಯ ವಿಷಯದಲ್ಲಿ ಅವರ ಮಾತಿಗೆ ಊರಲ್ಲಿ ಎದುರಿರಲಿಲ್ಲ.

"ಇದು ಕಪ್ಪಿದಲ್ಲ," ಅಂದರು. "ಶೇಂಗಾ ಎಣ್ಣೆ. ಹಳೇ ಕಲೆ. ನಮ್ಮ ಮಿಲ್ಲಿಂದೇ."

"ಅಯ್ಯೋ, ಹೌದು ಕಣ್ರೀ! ಎಷ್ಟು ಒಗೆದ್ರೂ ಹೋಗ್ಲಿಲ್ಲ ಅದು," ಅಂತ ದೊಡ್ಡಮ್ಮ ಬಾಯಿಗೆ ಕೈ ಹಿಡಿದಳು.

ಅಪ್ಪ ಎದ್ದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಗೋಡೆಯ ಮೇಲೆ ಇಣುಕಿದರು. ಮಸ್ತಾನ್ ಸಾಬರು ಕಪ್ಪಿಯ ಬಾನೆಟ್ಟಿಗೆ ಮುತ್ತು ಕೊಟ್ಟರು. ಪಂಚೆಯನ್ನು ಇಬ್ಬರೂ ಹಿಡಿದು ಬೀದಿಗೆ ಕಾಣುವ ಹಾಗೆ ಎತ್ತಿ ತೋರಿಸಿದರು. ನಾನು ಕಪ್ಪಿಯ ಹಾರ್ನ್ ಒತ್ತಿ ಹಿಡಿದವಳು ಬಿಡಲೇ ಇಲ್ಲ. ದೊಡ್ಡಮ್ಮ ಬೈದ ಮೇಲೆಯೇ ಕೈ ತೆಗೆದದ್ದು.

ಗಲಾಟೆ ಇಳಿದ ಮೇಲೆ ದೊಡ್ಡಪ್ಪ ಪಡಸಾಲೆಗೆ ಹತ್ತಿ ನಡುಮನೆಯ ಬಾಗಿಲ ಎದುರು ನಿಂತರು. ಏನೋ ಹೇಳುವುದಿದೆ ಅಂತ ನಾನು ಓಡಿಹೋಗಿ ನನ್ನ ಜಾಗದಲ್ಲಿ ನಿಂತೆ. ಅವರು ನನ್ನ ಕಡೆ ನೋಡಲಿಲ್ಲ.

"ಪಾರ್ವತವ್ವಾ," ಅಂದರು. ಆ ಮನೆಗೆ ಬಂದ ಮೇಲೆ ಅವ್ವನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. "ಮಿಲ್ಲಿನ ಫಿಲ್ಟರ್ ಪ್ರೆಸ್ಸು ಬಹಳ ದಿನದಿಂದ ಸೋರ್ತೈತೆ. ಎಷ್ಟು ಬಿಗಿ ಮಾಡಿದ್ರೂ ನಿಲ್ತಿಲ್ಲ. ನೀನು ಬಂದು ಒಂದ್ಸಲ ನೋಡ್ತೀಯೇನವ್ವಾ?"

ಬಾಗಿಲ ಹಲಗೆಯ ಮೇಲಿದ್ದ ಬೆರಳುಗಳು ಸರಿದವು. ಅವ್ವ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು.

"ಬರ್ತೀನಿ ಬಾವನೋರೆ," ಅಂದಳು. "ನಾನು ಬರೋ ತನಕ ಅದಕ್ಕೆ ಯಾರೂ ಕೈ ಹಚ್ಚಬ್ಯಾಡ ಅಂತ ಹೇಳಿ ಕಳಿಸ್ರಿ."

ದೊಡ್ಡಪ್ಪ ಹೇಳಿ ಕಳಿಸಿದರು.